ಹೆರ್ಮನ್ ಮೋಗ್ಲಿಂಗ್ ಅಯ್ಯನವರ ಚರಿತ್ರೆ

ಅಮ್ಮತ್ತಿಯ ಬಳಿ ಕಾಫಿ ತೋಟಗಳ ನಡುವೆ ಆನಂದಪುರವೆಂಬ ಊರು ಇರುವದನ್ನು ನಿಮ್ಮಲ್ಲಿ ಅನೇಕರು ಬಲ್ಲಿರಿ. ಆ ಊರಿಗೆ ಅಸ್ತಿವಾರ ಹಾಕಿದ ಹೆರ್ಮನ್ ಮೋಗ್ಲಿಂಗ್ ಅಯ್ಯನವರ ಚರಿತ್ರೆಯನ್ನು ಸಂಕ್ಷೇಪವಾಗಿ ಹೇಳುವೆವು. ಮನುಷ್ಯನ ಹೃದಯದಲ್ಲಿ ಇರುವಂಥಾದ್ದು ಅವನು ಮಾಡುವ ಕೆಲಸದಲ್ಲಿಯೇ ತೋರಿಬರುವದೆಂಬದಕ್ಕೆ ಇವರ ಜೀವಮಾನವು ಒಳ್ಳೇ ದೃಷ್ಟಾಂತವು.

ಇವರು 1811ನೇ ಇಸವಿಯಲ್ಲಿ ಜರ್ಮನಿಯ ಬ್ರಾಕನ್‌ಹೈಮ್ ಎಂಬ ಊರಲ್ಲಿ ಹುಟ್ಟಿ, ಟ್ಯೂಬಿಂಗನ್ ವಿದ್ಯಾಪೀಠದಲ್ಲಿ ದೇವಶಾಸ್ತ್ರವನ್ನು ಕಲಿತು, ಬಾಸೆಲ್ ಮಿಶನಿನ ಸೇವಕರಾಗಿ 1836ರಲ್ಲಿ ಮಂಗಳೂರಿಗೆ ಬಂದರು. ಅಲ್ಲಿ ಶಾಲೆಯ ಕೆಲಸವು ಇವರ ಪಾಲಿಗೆ ಬಂತು. ಇವರು ದೂರದಿಂದ ಅಪ್ಪಣೆ ಕೊಡುವ ದೊರೆಯಂತಿರದೆ, ಹುಡುಗರ ಸಂಗಡಲೇ ವಾಸಮಾಡಿ, ಅವರೊಂದಿಗೆ ಊಟಮಾಡಿ, ತಂದೆಯು ಮಕ್ಕಳಲ್ಲಿ ಇರುವ ಹಾಗೆ ಇದ್ದರು. 1844ರಲ್ಲಿ ಆನಂದರಾವ್ ಕೌಂಡಿನ್ಯ ಎಂಬ ಬ್ರಾಹ್ಮಣ ಯುವಕನು ಸ್ನಾನದೀಕ್ಷೆ ಹೊಂದಿ ತನ್ನ ಮನೆಮಾರನ್ನೆಲ್ಲಾ ಕಳಕೊಂಡಾಗ, ಆಶ್ರಯವು ಅಂಥವರ ಬಳಿಯಲ್ಲಿಯೇ ದೊರೆಯಿತು.

ಕನ್ನಡ ನುಡಿಯ ಮೇಲೆ ಇವರಿಗಿದ್ದ ಪ್ರೀತಿಯೂ ಬರೇ ಬಾಯಿಮಾತಾಗಿರಲಿಲ್ಲ. 1843ನೇ ಜುಲೈ 1ರಲ್ಲಿ ಕಲ್ಲಚ್ಚಿನಿಂದ ಮಂಗಳೂರ ಸಮಾಚಾರವೆಂಬ ಮೊದಲನೇ ಕನ್ನಡ ಪತ್ರಿಕೆಯನ್ನು ಹೊರಡಿಸಿದರು. ತಾನು ಸಾರುವ ಮತಕ್ಕೆ ಸೇರದವುಗಳಾದರೂ ಬಸವಪುರಾಣ, ಜೈಮಿನಿ ಭಾರತ, ದಾಸರ ಪದಗಳು ಮೊದಲಾದವುಗಳನ್ನು ಅಚ್ಚುಹಾಕಿಸಿ ಉಳಿಸಿದರು. ಯಾಕಂದರೆ ಜನರನ್ನು ಪ್ರೀತಿಸುವವನು ಅವರ ಗ್ರಂಥಗಳನ್ನು ಹಗುರವಾಗಿ ಎಣಿಸಲಾರನು.

1853ರಲ್ಲಿ ಸೋಮಯ್ಯನೆಂಬ ಕೊಡಗಿನವನ ನಿಮಿತ್ತವಾಗಿ ಇವರು ಕೊಡಗಿಗೆ ಬಂದರು. ಇಲ್ಲಿ ತಲೆತಲಾಂತರದಿಂದ ಒಡೆಯರ ಗದ್ದೆಗಳಲ್ಲಿ ಜೀತಮಾಡುತ್ತಿದ್ದ ಹೊಲೆಯ ಜಾತಿಯವರಲ್ಲಿ ಅನೇಕರು ಸುವಾರ್ತೆಗೆ ಕಿವಿಗೊಟ್ಟರು. ಬೋಧಿಸಿ ಬಿಟ್ಟುಬಿಟ್ಟರೆ ಇವರ ಹೊಟ್ಟೆಯ ಗತಿಯೇನು? ಹೀಗೆ ಯೋಚಿಸಿ ಅಯ್ಯನವರು ಅಮ್ಮತ್ತಿಯ ಬಳಿ ಕಾಡುನೆಲವನ್ನು ಸಂಪಾದಿಸಿ, ಅವರನ್ನು ನೆಲೆಗೊಳಿಸಿ, ಕಾಫಿ ಗಿಡಗಳನ್ನು ನಡಿಸಿದರು. 1858ರಲ್ಲಿ ಟ್ಯೂಬಿಂಗನ್ ವಿದ್ಯಾಪೀಠವು ಇವರ ಕನ್ನಡ ಸೇವೆಗಾಗಿ ಡಾಕ್ಟರ್ ಪದವಿಯನ್ನು ಕೊಟ್ಟಾಗ, ಆ ಪಂಡಿತರು ಇದ್ದದ್ದು ಕೊಡಗಿನ ಈ ಆಳುಗಳ ನಡುವೆ.

ಆದರೆ ನಾವು ಇವರ ಕುಂದನ್ನು ಮುಚ್ಚಲಾರೆವು. ಒಬ್ಬನ ಕಷ್ಟವನ್ನು ಕಂಡೊಡನೆ ಕೈಹಾಕುವ ಸ್ವಭಾವದವರಾದ್ದರಿಂದ ಖರ್ಚಿನ ಲೆಕ್ಕವನ್ನು ಮೊದಲೇ ನೋಡುವದು ಇವರಿಗೆ ಒಗ್ಗಲಿಲ್ಲ. ತೋಟದ ಮೇಲೆ ಸಾಲ ಬಿತ್ತು. 1860ರಲ್ಲಿ ಇವರು ಸ್ವದೇಶಕ್ಕೆ ಹೋದ ಮೇಲೆ ಆ ಭಾರವನ್ನು ಹೊತ್ತವರಲ್ಲಿ ಕೌಂಡಿನ್ಯ ಅಯ್ಯನವರೂ ಒಬ್ಬರು. ಅಂದು ಆಶ್ರಯ ಹೊಂದಿದ ಶಿಷ್ಯನೇ ಗುರುವಿನ ಕೆಲಸಕ್ಕೆ ಆಧಾರವಾದನು. ಮೋಗ್ಲಿಂಗ್ ಅಯ್ಯನವರು 1881ರಲ್ಲಿ ಎಸ್ಲಿಂಗನ್ ಊರಲ್ಲಿ ಕರ್ತನಲ್ಲಿ ನಿದ್ರೆಹೋದರು.

ಸಹೋದರ ಸಹೋದರಿಯರೇ, ನಿಮ್ಮಲ್ಲಿ ಕೆಲವರು ತೋಟದ ಮೇಸ್ತ್ರಿಗಳು, ಕೆಲವರು ಉಪಾಧ್ಯಾಯರು, ಅನೇಕರು ಕೂಲಿಯವರು. ಆದಿತ್ಯವಾರ ದೇವಾಲಯದಲ್ಲಿ ಹಾಡುವ ನಮ್ಮನ್ನು ನೆರೆಯವರು ಸೋಮವಾರ ಕೆಲಸದಲ್ಲಿ ನೋಡುತ್ತಾರೆ. ಮೇಸ್ತ್ರಿಯು ಆಳನ್ನು ಹೇಗೆ ಕರೆಯುತ್ತಾನೆ, ಆಳು ಯಾರೂ ನೋಡದ ಸಾಲಿನಲ್ಲಿ ಹೇಗೆ ಕಳೆ ಕೀಳುತ್ತಾನೆ ಎಂಬದೇ ನಮ್ಮ ನಿಜವಾದ ಸಾಕ್ಷಿ. ಅಯ್ಯನವರ ಪ್ರೀತಿಯನ್ನು ಹಿಂಬಾಲಿಸೋಣ; ಅವರು ಮರೆತ ಲೆಕ್ಕವನ್ನೂ ಜ್ಞಾಪಕದಲ್ಲಿಡೋಣ. ಇದಕ್ಕೆ ಕರ್ತನು ನಮಗೆಲ್ಲರಿಗೂ ಕೃಪೆ ಕೊಡಲಿ.