ಎರಡೂ ಸಂಗೀತ ಕಲಿಸಿದ ಗದುಗಿನ ಗವಾಯಿಗಳು

ಗದುಗಿಗೆ ಬಸ್ಸಿನಲ್ಲಿ ಹೋಗಿಬರೋರು ವೀರೇಶ್ವರ ಪುಣ್ಯಾಶ್ರಮದ ಹೆಸರು ಕೇಳದೆ ಇರಲಿಕ್ಕಿಲ್ಲ. ಆ ಆಶ್ರಮದ ಹಿಂದೆ ಕಣ್ಣಿಲ್ಲದ ಒಬ್ಬ ಗುರುವಿನ ಕತೆಯಿದೆ.

ಪಂಚಾಕ್ಷರ ಗವಾಯಿಗಳು ಹುಟ್ಟಿದ್ದು 1892ರಲ್ಲಿ, ಹಾನಗಲ್ಲ ತಾಲೂಕಿನ ಕಾಡಶೆಟ್ಟಿಹಳ್ಳಿಯಲ್ಲಿ. ಮನೆಯವರು ಇಟ್ಟ ಹೆಸರು ಗದಿಗೆಯ್ಯ. ಹುಟ್ಟುಗುರುಡು. ಅಂಥ ಹುಡುಗನಿಗೆ ಆಗ ಹಳ್ಳಿಯಲ್ಲಿ ಶಾಲೆಯೂ ಇಲ್ಲ, ಕಸುಬೂ ಇಲ್ಲ. ದನಿ ಮಾತ್ರ ಇತ್ತು. ಆ ದನಿ ಹಾನಗಲ್ಲ ಕುಮಾರ ಸ್ವಾಮಿಗಳ ಕಿವಿಗೆ ಬಿತ್ತು. ಕಲಿಸುವ ಹೊಣೆ ಅವರೇ ಹೊತ್ತರು. ಮೈಸೂರಲ್ಲಿ ಕರ್ನಾಟಕ ಸಂಗೀತ ಆಯಿತು, ಬಳಿಕ ಹಿಂದೂಸ್ತಾನಿ.

ಒಂದು ಪದ್ಧತಿ ಕಲಿತವರು ಇನ್ನೊಂದರ ಗೊಡವೆಗೆ ಹೋಗೋದು ಅಪರೂಪ. ಗವಾಯಿಗಳು ಎರಡನ್ನೂ ಮಕ್ಕಳಿಗೆ ಕಲಿಸಿದರು. ಕಣ್ಣಿಲ್ಲದ ಹುಡುಗರಿಗೆ ಪುಸ್ತಕ ಎಲ್ಲಿಂದ ಬರಬೇಕು? ಗುರುಗಳು ಹಾಡಬೇಕು, ಹುಡುಗರು ಕೇಳಿ ಹಾಡಬೇಕು.

ಮೊದಲು ಸ್ವಂತ ಜಾಗವೂ ಇರಲಿಲ್ಲ. ಶಿಷ್ಯರನ್ನು ಕಟ್ಟಿಕೊಂಡು ಊರೂರು ತಿರುಗಿದರು. ಜನ ಕೊಟ್ಟದ್ದರಲ್ಲೇ ಎಲ್ಲರ ಹೊಟ್ಟೆ ತುಂಬಬೇಕು. ಕಡೆಗೆ ಗದುಗಿನಲ್ಲಿ ನೆಲೆ ಸಿಕ್ಕಿತು.

ಇವರಲ್ಲಿ ಕಲಿತ ಬಸವರಾಜ ರಾಜಗುರು ದೇಶಕ್ಕೇ ಹೆಸರಾದರು. 1944ರಲ್ಲಿ ಗವಾಯಿಗಳು ತೀರಿಕೊಂಡಾಗ ಆಶ್ರಮದ ಗತಿ ಏನು ಅನ್ನೋ ಪ್ರಶ್ನೆ ಎದ್ದಿತು. ಭಾರ ಹೊತ್ತವರು ಅವರ ಶಿಷ್ಯ ಪುಟ್ಟರಾಜ ಗವಾಯಿಗಳು. ಅವರಿಗೂ ಕಣ್ಣಿರಲಿಲ್ಲ. 2010ರಲ್ಲಿ ಕಣ್ಮುಚ್ಚುವ ತನಕ, 66 ವರ್ಷ, ಆ ಭಾರ ಕೆಳಗಿಳಿಸಲಿಲ್ಲ.

ಕುರುಡು ಮಗು ಮನೆಗೆ ಹೊರೆ ಅನ್ನೋರಿಗೆ ಗದುಗು ಕೊಟ್ಟ ಜವಾಬು ಇದು.