ವಿಷವನ್ನು ವಿದ್ಯೆಯಾಗಿಸಿದ ಜಾನಕಿ ಅಮ್ಮಾಳ್

ಮಳೆಗಾಲದಲ್ಲಿ ಕಾಸರಗೋಡಿನ ಬೇಲಿಗಳ ಮೇಲೆ ಬೆಂಕಿಯ ನಾಲಗೆಯಂತೆ ಅರಳುವ ಗೌರಿಹೂವನ್ನು ನಾವೆಲ್ಲರೂ ಕಂಡಿದ್ದೇವೆ. ಅಗ್ನಿಶಿಖೆಯೆಂದೂ ಹೆಸರಿರುವ ಈ ಬಳ್ಳಿಯ ಗಡ್ಡೆಯಲ್ಲಿ ಕಾಲ್ಚಿಸಿನ್ ಎಂಬ ಪ್ರಾಣಾಂತಕ ವಿಷವಿದೆ. ಆ ಕಾಲ್ಚಿಸಿನ್ನನ್ನೇ ಸಂಶೋಧನೆಯ ಸಾಧನವಾಗಿ ಬಳಸಿದವರು ನಮ್ಮ ನೆರೆಯ ತಲಶ್ಶೇರಿಯ ಇ. ಕೆ. ಜಾನಕಿ ಅಮ್ಮಾಳ್.

1897ರ ನವೆಂಬರ್ 4ರಂದು ಅವರು ಜನಿಸಿದಾಗ, ಮಲಬಾರೂ ಕಾಸರಗೋಡನ್ನೊಳಗೊಂಡ ದಕ್ಷಿಣ ಕನ್ನಡವೂ ಮದ್ರಾಸ್ ಪ್ರಾಂತ್ಯದ ಜಿಲ್ಲೆಗಳಾಗಿದ್ದವು. ಹೆಣ್ಣುಮಕ್ಕಳ ಓದು ವಿರಳವಾಗಿದ್ದ ಆ ಕಾಲದಲ್ಲಿ ಅವರು ವಿವಾಹವನ್ನು ಬಿಟ್ಟು ವಿದ್ಯೆಯನ್ನು ಆರಿಸಿಕೊಂಡರು. ಮದ್ರಾಸಿನಲ್ಲಿ ಸಸ್ಯಶಾಸ್ತ್ರ ಕಲಿತು, ವಿದ್ಯಾರ್ಥಿವೇತನದಿಂದ ಅಮೆರಿಕಕ್ಕೆ ತೆರಳಿ, 1931ರಲ್ಲಿ ಮಿಶಿಗನ್ ವಿಶ್ವವಿದ್ಯಾನಿಲಯದ ಡಾಕ್ಟರೇಟ್ ಪಡೆದರು. ಕೊಯಮತ್ತೂರಿನಲ್ಲಿ ಕಬ್ಬಿನ ತಳಿಗಳನ್ನು ಅಭ್ಯಸಿಸಿ, ಮುಂದೆ ಇಂಗ್ಲೆಂಡಿಗೆ ಹೋದರು.

ಅಲ್ಲಿನ ವಿಸ್ಲಿ ಉದ್ಯಾನದಲ್ಲಿ ಅವರು ಮ್ಯಾಗ್ನೋಲಿಯಾ ಸಸಿಗಳ ಮೇಲೆ ಕಾಲ್ಚಿಸಿನ್ ಪ್ರಯೋಗಿಸಿದರು. ಜೀವಕೋಶ ಇಬ್ಭಾಗವಾಗುವಾಗ ಸೂಕ್ಷ್ಮ ಎಳೆಗಳು ವರ್ಣತಂತುಗಳನ್ನು ಎರಡು ಬದಿಗೆ ಸೆಳೆಯುತ್ತವೆ. ಕಾಲ್ಚಿಸಿನ್ ಆ ಎಳೆಗಳನ್ನು ರೂಪುಗೊಳ್ಳಲು ಬಿಡದು. ಕೋಶ ಒಡೆಯದೆ ವರ್ಣತಂತುಗಳು ಇಮ್ಮಡಿಯಾಗುತ್ತವೆ. ಅವರ ಹೆಸರನ್ನು ಹೊತ್ತ ಮ್ಯಾಗ್ನೋಲಿಯಾ ತಳಿಯೊಂದು ಇಂದಿಗೂ ಇದೆ.

ಕ್ಯಾನ್ಸರ್ ಎಂದರೆ ಕೋಶಗಳು ಅಂಕೆಯಿಲ್ಲದೆ ವಿಭಜನೆಗೊಂಡು, ಇತರ ಅಂಗಗಳಿಗೂ ಹರಡುವ ವ್ಯಾಧಿ. ವಿಭಜನೆಯನ್ನೇ ತಡೆಯುವ ಸಸ್ಯವಸ್ತು ಇಲ್ಲಿ ಔಷಧವಾಗಬಲ್ಲುದು. ಜಾನಕಿ ಅಮ್ಮಾಳ್ ಕ್ಯಾನ್ಸರಿಗೆ ಔಷಧ ಕಂಡುಹಿಡಿಯಲಿಲ್ಲ. ಕಾಲ್ಚಿಸಿನ್ನಿನ ವಿಷವೂ ಆ ಚಿಕಿತ್ಸೆಗೆ ಮೀರಿದ್ದು. ಆದರೆ ನಮ್ಮ ಅಂಗಳದ ನಿತ್ಯಪುಷ್ಪದಿಂದ ದೊರೆತ ವಿನ್‌ಬ್ಲಾಸ್ಟಿನ್ ಮತ್ತು ವಿನ್‌ಕ್ರಿಸ್ಟಿನ್ ಅವೇ ಎಳೆಗಳನ್ನು ತಡೆಯುತ್ತವೆ. ಮಕ್ಕಳ ರಕ್ತದ ಕ್ಯಾನ್ಸರಿಗೆ ವಿನ್‌ಕ್ರಿಸ್ಟಿನ್ ಇಂದಿಗೂ ಮುಖ್ಯ ಔಷಧ.

1951ರಲ್ಲಿ ನೆಹರೂ ಅವರ ಆಹ್ವಾನದಂತೆ ಜಾನಕಿ ಅಮ್ಮಾಳ್ ಸ್ವದೇಶಕ್ಕೆ ಮರಳಿದರು. ಔಷಧೀಯ ಸಸ್ಯಗಳನ್ನೂ ಬುಡಕಟ್ಟು ಜನರ ಸಸ್ಯಜ್ಞಾನವನ್ನೂ ಅಭ್ಯಸಿಸಿದರು. 1977ರಲ್ಲಿ ಪದ್ಮಶ್ರೀ ಪಡೆದ ಅವರು, ಇಳಿವಯಸ್ಸಿನಲ್ಲಿಯೂ ಸೈಲೆಂಟ್ ವ್ಯಾಲಿಯ ಕಾಡಿನ ಉಳಿವಿಗಾಗಿ ದನಿಯೆತ್ತಿದರು. 1984ರ ಫೆಬ್ರವರಿ 7ರಂದು ನಿಧನರಾದರು. ಅದೇ ವರ್ಷ ಆ ಕಾಡು ರಾಷ್ಟ್ರೀಯ ಉದ್ಯಾನವಾಯಿತು.

ಗೌರಿಹೂವಿನ ಗಡ್ಡೆಯನ್ನಾಗಲಿ ನಿತ್ಯಪುಷ್ಪದ ಎಲೆಯನ್ನಾಗಲಿ ಮನೆಮದ್ದೆಂದು ಸೇವಿಸುವುದು ಅಪಾಯಕರವೆಂಬುದನ್ನು ನಾವು ಮಕ್ಕಳಿಗೆ ಹೇಳಲೇಬೇಕು. ವಿಷವನ್ನು ಮದ್ದಾಗಿಸುವುದು ಅಳತೆ. ಆ ಅಳತೆಯನ್ನು ಕಲಿಸುವುದು ವಿದ್ಯೆ. ತಲಶ್ಶೇರಿಯ ಬಾಲಕಿಗೆ ಒಲಿದ ಆ ವಿದ್ಯೆ ನಮ್ಮ ಕನ್ನಡ ಶಾಲೆಗಳ ಮಕ್ಕಳಿಗೂ ಎಟುಕದ್ದಲ್ಲ.