ಗುರುದತ್ತ ಪಡುಕೋಣೆ

ಮೂಡುಬಿದಿರೆಯ ನನ್ನ ತರಗತಿಗೆ ಬಂಟ್ವಾಳ, ಬೆಳ್ತಂಗಡಿಗಳ ಕಡೆಯಿಂದ ಬೆಳಗಿನ ಬಸ್ಸು ಹಿಡಿದು ಬರುವ ಮಕ್ಕಳೇ ಹೆಚ್ಚು. ಒಮ್ಮೆ ಅವರಿಗೆ ಮುದ್ದಣನ ಪಾಠ ಹೇಳುತ್ತಿದ್ದೆ. ನಂದಳಿಕೆಯ ಈ ಕವಿ ತಾನೇ ಬರೆದ ‘ಅದ್ಭುತರಾಮಾಯಣ’ವನ್ನು ಯಾರೋ ಹಳಬರ ಕೃತಿಯೆಂದು ನಂಬಿಸಿ ಮೈಸೂರಿಗೆ ಕಳುಹಿಸಿದನಷ್ಟೆ. ಕವಿಯಾದವನು ತನ್ನ ಹೆಸರನ್ನು ತಾನೇ ಮುಚ್ಚಿಡುವುದುಂಟೆ ಎಂದು ಬೆಳ್ತಂಗಡಿಯ ಹುಡುಗಿಯೊಬ್ಬಳು ಕೇಳಿದಳು. ಉತ್ತರಕ್ಕೆ ಬದಲಾಗಿ ನಾನು ಗುರುದತ್ತರ ಕಥೆಯನ್ನು ಹೇಳಿದೆ.

ಅವರು ಹುಟ್ಟಿದ್ದು ಬೆಂಗಳೂರಿನಲ್ಲಿ, 1925ರ ಜುಲೈ 9ರಂದು. ಮನೆತನ ನಮ್ಮ ಕರಾವಳಿಯದು. ಪಡುಕೋಣೆ ಎಂಬುದು ಕುಂದಾಪುರದ ಸೀಮೆಯ ಒಂದು ಊರು. ತಂದೆ ಶಿವಶಂಕರರಾಯರು. ತಾಯಿ ವಾಸಂತಿಯವರು ಮುಂದೆ ಮಗನ ಜೀವನವನ್ನು ಕನ್ನಡದಲ್ಲಿಯೇ ಬರೆದರು. ಮಗುವಿಗೆ ಮೊದಲಿಟ್ಟ ಹೆಸರು ವಸಂತಕುಮಾರ. ಶೈಶವದಲ್ಲಿ ಒದಗಿದ ಅಪಘಾತದ ತರುವಾಯ ಅದನ್ನು ಬದಲಿಸಿದರಂತೆ. ಬಾಲ್ಯ ಕಲಕತ್ತೆಯಲ್ಲಿ ಕಳೆಯಿತು. 1942ರಲ್ಲಿ ಆಲ್ಮೋಡದ ಉದಯಶಂಕರರ ಬಳಿ ನೃತ್ಯ ಕಲಿಯಲು ಹೋದರು. 1944ರಲ್ಲಿ ಪುಣೆಯ ಪ್ರಭಾತ್ ಸಂಸ್ಥೆಯನ್ನು ಸೇರಿ ಅಲ್ಲಿ ದೇವಾನಂದರ ಸ್ನೇಹ ಗಳಿಸಿದರು. ಆ ಸ್ನೇಹದ ಫಲವೇ 1951ರ ‘ಬಾಜಿ’. ಅದರ ಬಳಿಕ ಬಂದ ನಗೆಯ, ರೋಮಾಂಚದ ಚಿತ್ರಗಳು ಹಣ ತಂದವು. ಅವುಗಳ ವಿಷಯ ಇಲ್ಲಿ ಬೇಡ.

1957ರಲ್ಲಿ ‘ಪ್ಯಾಸಾ’ ಬಂದಿತು. ಕವಿ ವಿಜಯನ ಹಸ್ತಪ್ರತಿಗಳನ್ನು ಅಣ್ಣಂದಿರು ರದ್ದಿಗೆ ಮಾರುತ್ತಾರೆ. ಅವನ್ನು ಕೊಂಡು ಕಾಪಾಡುವವಳು ಗುಲಾಬೊ ಎಂಬ ಬೀದಿಯ ಹೆಣ್ಣು. ಕವಿಯ ಕೋಟು ತೊಟ್ಟ ಭಿಕ್ಷುಕನೊಬ್ಬ ರೈಲಿಗೆ ಸಿಕ್ಕಿ ಸಾಯಲು, ಸತ್ತವನು ಕವಿಯೇ ಎಂದು ಲೋಕ ಭಾವಿಸಿ ಅವನ ಕೃತಿಯನ್ನು ತಲೆಯ ಮೇಲೆ ಹೊತ್ತು ಕುಣಿಯುತ್ತದೆ. ಕಡೆಗೆ ತುಂಬಿದ ಸಭೆಯಲ್ಲಿ ಆತ ತಾನು ವಿಜಯನೇ ಅಲ್ಲವೆಂದು ನಿರಾಕರಿಸಿ ಹೊರಟುಬಿಡುತ್ತಾನೆ. ಈ ಪಾತ್ರಕ್ಕೆ ಮೊದಲು ಬಯಸಿದ್ದು ದಿಲೀಪಕುಮಾರರನ್ನು. ಅವರು ಒದಗದೆ ಹೋದುದರಿಂದ ಗುರುದತ್ತರೇ ಬಣ್ಣ ಹಚ್ಚಿದರು. ನಮ್ಮ ಪುಣ್ಯ! ನೆರಳು ಬೆಳಕುಗಳನ್ನು ಕಾವ್ಯವಾಗಿಸಿದ ಛಾಯಾಗ್ರಾಹಕರು ಮೈಸೂರಿನ ವಿ. ಕೆ. ಮೂರ್ತಿಯವರು. ಸಾಹಿರ್ ಲುಧಿಯಾನ್ವಿಯವರ ಗೀತೆಗಳಿಗೆ ಎಸ್. ಡಿ. ಬರ್ಮನ್ನರ ಸಂಗೀತ ಕೂಡಿತು. ಇಷ್ಟೊಂದು ಕಹಿಯಾದ ಕಥೆಯನ್ನು ಜನ ಮುಗಿಬಿದ್ದು ನೋಡಿದರೆಂಬುದು ನನಗೆ ಇಂದಿಗೂ ಸೋಜಿಗವೇ.

ಎರಡು ವರ್ಷಗಳಲ್ಲಿ ಅದೇ ಜನ ‘ಕಾಗಜ್ ಕೆ ಫೂಲ್’ ಚಿತ್ರವನ್ನು ತಿರಸ್ಕರಿಸಿದರು. ನಮ್ಮ ದೇಶದ ಮೊದಲ ಸಿನೆಮಾಸ್ಕೋಪ್ ಚಿತ್ರವದು. ಮನ್ನಣೆ ಕಳೆದುಕೊಂಡ ನಿರ್ದೇಶಕನೊಬ್ಬನ ಕಥೆ. ಆ ಸೋಲಿನ ಬಳಿಕ ನಿರ್ದೇಶಕರೆಂದು ಗುರುದತ್ತರು ಮತ್ತೆಂದೂ ತಮ್ಮ ಹೆಸರನ್ನು ಹಾಕಿಕೊಳ್ಳಲಿಲ್ಲ. 1960ರ ‘ಚೌದ್ವೀ ಕಾ ಚಾಂದ್’ ಎಂ. ಸಾದಿಕರ ಹೆಸರಿನಲ್ಲಿಯೂ 1962ರ ‘ಸಾಹಿಬ್ ಬೀಬಿ ಔರ್ ಗುಲಾಮ್’ ಅಬ್ರಾರ್ ಅಲ್ವಿಯವರ ಹೆಸರಿನಲ್ಲಿಯೂ ಬಂದವು. ಎರಡಕ್ಕೂ ನಿರ್ಮಾಪಕರು, ನಟರು ಇವರೇ. ಮೊದಲನೆಯದು ಕಳೆದ ಹಣವನ್ನು ಮರಳಿ ತಂದಿತು. ಪರದೆಯ ಮೇಲೆ ವಿಜಯ ಮಾಡಿದ್ದನ್ನು ಬದುಕಿನಲ್ಲಿ ಇವರು ಮಾಡಿದರೆನ್ನಲೆ? ವಿಜಯನದು ತಿರಸ್ಕಾರ, ಇವರದು ನೋವು. ಮುದ್ದಣನದು ಬಹುಶಃ ಅಂಜಿಕೆ. ಮೂರನ್ನೂ ಒಂದೆನ್ನಲು ನನಗೆ ಮನಸ್ಸಾಗದು.

1964ರ ಅಕ್ಟೋಬರ್ 10ರಂದು ಮುಂಬಯಿಯ ಮನೆಯಲ್ಲಿ ಗುರುದತ್ತರು ತೀರಿಕೊಂಡಿದ್ದುದು ಕಂಡುಬಂದಿತು. ಆಗ ವಯಸ್ಸು 39. ಮುದ್ದಣನಿಗೆ 31 ಆಗಿತ್ತು.

ಅಷ್ಟರಲ್ಲಿ ಗಂಟೆ ಹೊಡೆಯಿತು. ಮಕ್ಕಳು ಬಸ್ಸಿಗೆ ಧಾವಿಸಿದರು. ಪ್ರಶ್ನೆ ಕೇಳಿದ ಹುಡುಗಿ ಮಾತ್ರ ಬಾಗಿಲಲ್ಲಿ ನಿಂತು, ಆ ಸೋತ ಚಿತ್ರ ಎಲ್ಲಿ ನೋಡಲು ಸಿಕ್ಕೀತೆಂದು ವಿಚಾರಿಸಿದಳು.